ಸೀಸನ್ ಮುಗಿದ ಮೇಲೆ ಯುರೋಪ್ ಸುತ್ತಾಟ: ರಿಯಾಯಿತಿ ಕಾರ್ಡು ಯಾರಿಗೆ ಲಾಭ?

ಜುಲೈ, ಆಗಸ್ಟ್ ತಿಂಗಳಲ್ಲಿ ಯುರೋಪಿನ ಹೆದ್ದಾರಿಗಳಲ್ಲಿ ಸಾಗುವವರಿಗೆ ದಾರಿಯುದ್ದಕ್ಕೂ ಕಾಣುವ ಒಂದು ದೃಶ್ಯವಿದೆ. ಕಾರಿನ ಬೆನ್ನಿಗೆ ಕಟ್ಟಿದ ಪುಟ್ಟದೊಂದು ಬಿಳಿ ಮನೆ. ಅದರೊಳಗೆ ಹಾಸಿಗೆ, ಒಲೆ, ಫ್ರಿಜ್ಜು, ಹೆಚ್ಚಿನವುಗಳಲ್ಲಿ ಒಂದು ಚಿಕ್ಕ ಶೌಚಾಲಯವೂ ಇರುತ್ತದೆ. ಇದೇ ಕ್ಯಾರವಾನ್. ಹಗಲು ಎಳೆದುಕೊಂಡು ಹೋಗುವುದು, ಸಂಜೆ ಕ್ಯಾಂಪ್‌ಸೈಟ್ ಎಂಬ ಮೈದಾನದಲ್ಲಿ ನಿಲ್ಲಿಸಿ ಅಡುಗೆ ಮಾಡಿ ಮಲಗುವುದು. 1885ರಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರು ಬ್ರಿಸ್ಟಲ್‌ನಲ್ಲಿ ಕುದುರೆಗಳು ಎಳೆಯುವ ಇಂತಹದೊಂದು ಗಾಡಿಯನ್ನು ಕೇವಲ ವಿಹಾರಕ್ಕೆಂದೇ ಕಟ್ಟಿಸಿಕೊಂಡಿದ್ದರು.

ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಇಂದು ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿದ್ದಾರೆ. ಊರಿನಿಂದ ತಂದೆತಾಯಿ ಬಂದಾಗ ಐದಾರು ಮಂದಿಯನ್ನು ಹೋಟೆಲಿನಲ್ಲಿ ಇರಿಸಿ ಊಟ ಹಾಕಿಸುವ ಖರ್ಚು ಸಣ್ಣದಲ್ಲ. ಸ್ವಂತ ಅಡುಗೆಮನೆಯನ್ನೇ ಎಳೆದುಕೊಂಡು ಹೋಗುವ ಪ್ರವಾಸ ಅಂಥವರಿಗೆ ಇಷ್ಟವಾಗುವುದು ಸಹಜ. ಸೀಸನ್ ಇಲ್ಲದ ದಿನಗಳಲ್ಲಿ ಅರ್ಧ ಬೆಲೆಗೆ ಜಾಗ ಸಿಗುತ್ತದೆಂಬ ಜಾಹೀರಾತು ಕಂಡರಂತೂ ಕೇಳುವುದೇ ಬೇಡ. ಆದರೆ ಆ ಅರ್ಧ ಬೆಲೆ ಯಾರನ್ನು ಎಣಿಸಿ ಹೇಳಿದ್ದು ಎಂಬುದನ್ನು ಮೊದಲು ವಿಚಾರಿಸಬೇಕು.

ಈ ರಿಯಾಯಿತಿಯ ಹಿಂದೆ ದಾನಬುದ್ಧಿಯೇನೂ ಇಲ್ಲ. ಶಾಲೆಗಳು ತೆರೆದ ಕೂಡಲೇ ಕ್ಯಾಂಪ್‌ಸೈಟ್‌ಗಳು ಖಾಲಿಯಾಗುತ್ತವೆ. ಆದರೂ ಕಚೇರಿ ತೆರೆದಿರಬೇಕು, ಸ್ನಾನಗೃಹಗಳಿಗೆ ಬಿಸಿನೀರು ಬರಬೇಕು, ಕೆಲಸಗಾರರಿಗೆ ಸಂಬಳ ಕೊಡಬೇಕು. ಖಾಲಿ ಬಿಡುವುದಕ್ಕಿಂತ ಕಡಿಮೆಗೆ ಕೊಡುವುದು ಮೇಲು. ಆಗ ಬರಬಲ್ಲವರು ಯಾರು? ಮಕ್ಕಳ ಜವಾಬ್ದಾರಿ ಮುಗಿದ, ನಿವೃತ್ತಿ ವೇತನ ಪಡೆಯುವ ದಂಪತಿಗಳು. ಇಡೀ ವ್ಯವಸ್ಥೆಯನ್ನು ಈ ಇಬ್ಬರಿಗಾಗಿಯೇ ಹೊಲಿಯಲಾಗಿದೆ.

ಇವುಗಳಲ್ಲಿ ಪ್ರಸಿದ್ಧವಾದುದು ನೆದರ್‌ಲ್ಯಾಂಡ್ಸ್‌ನ ಎಸಿಎಸ್‌ಐ ಸಂಸ್ಥೆಯ ಕ್ಯಾಂಪಿಂಗ್‌ಕಾರ್ಡ್. ಸಂಸ್ಥೆ 1965ರಷ್ಟು ಹಳೆಯದು; ಕಾರ್ಡು ಬಂದದ್ದು 2004ರಲ್ಲಿ. ವರ್ಷಕ್ಕೊಮ್ಮೆ ಕಾರ್ಡನ್ನೂ ಅದರೊಂದಿಗಿನ ಕೈಪಿಡಿಯನ್ನೂ ಕೊಳ್ಳಬೇಕು. 3000ಕ್ಕೂ ಹೆಚ್ಚು ಕ್ಯಾಂಪ್‌ಸೈಟ್‌ಗಳು ಸೀಸನ್ ಇಲ್ಲದ ದಿನಗಳಲ್ಲಿ ಈ ಕಾರ್ಡು ತೋರಿಸಿದವರಿಗೆ ಮೊದಲೇ ಗೊತ್ತುಪಡಿಸಿದ ದರದಲ್ಲಿ ಜಾಗ ಕೊಡುತ್ತವೆ. ಮುಂಗಡ ಹಣ ಕಟ್ಟಬೇಕಾಗಿಲ್ಲ, ಸಾಮಾನ್ಯವಾಗಿ ಹೊರಡುವಾಗ ಕ್ಯಾಂಪ್‌ಸೈಟ್‌ನವರಿಗೇ ಕೊಟ್ಟರಾಯಿತು. ಒಂದು ರಾತ್ರಿಯ ಆ ದರದಲ್ಲಿ ಇಬ್ಬರು ವಯಸ್ಕರು, ಕಾರು, ಕ್ಯಾರವಾನ್, ಬಿಸಿನೀರಿನ ಸ್ನಾನ, ವಿದ್ಯುತ್ ಸಂಪರ್ಕ ಎಲ್ಲವೂ ಸೇರಿವೆ. ನಾಯಿಗಳಿಗೆ ಪ್ರವೇಶವಿರುವ ಕಡೆ ಒಂದು ನಾಯಿಯೂ ಸೇರಿದೆ. ಮೂರನೆಯ ಮನುಷ್ಯ ಸೇರಿಲ್ಲ! ನಾಯಿಗೆ ಉಚಿತ, ಅಜ್ಜಿಗೆ ಪ್ರತ್ಯೇಕ ಹಣ ಎಂದರೆ ನಮ್ಮವರಿಗೆ ನಗು ಬರಬಹುದು. ಆದರೆ ಬಿಲ್ಲು ಬರುವುದು ಹಾಗೆಯೇ.

ಮಕ್ಕಳ ವಿಷಯದಲ್ಲಿ ಸ್ವಲ್ಪ ಸಡಿಲಿಕೆಯಿದೆ. ಕೆಲವು ಕ್ಯಾಂಪ್‌ಸೈಟ್‌ಗಳು 5 ವರ್ಷದವರೆಗಿನ ಮಕ್ಕಳನ್ನು ಅದೇ ದರದಲ್ಲಿ ಸೇರಿಸಿಕೊಳ್ಳುತ್ತವೆ. ಕೈಪಿಡಿಯಲ್ಲಿ ಪ್ರತಿಯೊಂದು ಹೆಸರಿನ ಮುಂದೆಯೂ ಇದನ್ನು ನೋಡಿಕೊಳ್ಳಬೇಕು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿದ್ದರೆ ಕಾಗದ, ಪೆನ್ನು ಹಿಡಿದು ಕೂರುವುದೇ ಒಳ್ಳೆಯದು. ಕಾರ್ಡಿನ ದರ 19 ಯುರೋ, ಇಬ್ಬರು ಮಕ್ಕಳಿಗೆ ತಲಾ 5, ಪ್ರವಾಸಿ ತೆರಿಗೆ 2 ಎಂದಿಟ್ಟುಕೊಳ್ಳಿ. 31 ಆಯಿತು. ಪಕ್ಕದ ಊರಿನಲ್ಲಿ ಕಾರ್ಡು ಕೇಳದ ಸಾದಾ ಕ್ಯಾಂಪ್‌ಸೈಟ್ ಇಬ್ಬರಿಗೆ 16, ಮಕ್ಕಳಿಗೆ ತಲಾ 3 ಹೇಳಿದರೆ ತೆರಿಗೆ ಸೇರಿ 24ಕ್ಕೆ ಮುಗಿಯುತ್ತದೆ. ಅಲ್ಲಿ ಕಾರ್ಡು ಕೊಂಡ ಹಣವೂ ಉಳಿಯುತ್ತದೆ.

ಅಂತಹ ಸಾದಾ ಜಾಗಗಳು ಫ್ರಾನ್ಸ್‌ನಲ್ಲಿ ಬೇಕಾದಷ್ಟಿವೆ. ಅಲ್ಲಿನ ಸ್ಥಳೀಯ ಆಡಳಿತಗಳು, ನಮ್ಮ ಲೆಕ್ಕದಲ್ಲಿ ಪಂಚಾಯತಿ ಅಥವಾ ಪುರಸಭೆಗಳು, ತಾವೇ ಕ್ಯಾಂಪ್‌ಸೈಟ್ ನಡೆಸುವ ಪದ್ಧತಿ ಇದೆ. 'ಕ್ಯಾಂಪಿಂಗ್ ಮುನಿಸಿಪಾಲ್' ಎಂಬ ಫಲಕ ಕಂಡರೆ ಒಮ್ಮೆ ದರ ಕೇಳಿ. ಈಜುಕೊಳ, ಮನರಂಜನೆ ಇರುವುದಿಲ್ಲ. ನೆರಳಿನ ಮರಗಳು, ಶುಚಿಯಾದ ಸ್ನಾನಗೃಹ, ನಡೆದು ಹೋಗುವಷ್ಟು ದೂರದಲ್ಲಿ ಊರು ಇದ್ದರೆ ಸಾಕಲ್ಲವೇ? ನನ್ನ ದೃಷ್ಟಿಯಲ್ಲಿ ಮಕ್ಕಳಿರುವ ಕುಟುಂಬ ಮೊದಲು ಬಾಗಿಲು ತಟ್ಟಬೇಕಾದುದು ಇಲ್ಲಿಯೇ. ಫ್ರಾನ್ಸ್‌ನಲ್ಲಿ 18 ವರ್ಷದೊಳಗಿನವರಿಗೆ ಪ್ರವಾಸಿ ತೆರಿಗೆಯೂ ಇಲ್ಲ. ಆದರೆ ಇಂತಹ ಎಷ್ಟೋ ಮೈದಾನಗಳು ಸೆಪ್ಟೆಂಬರ್ ಕೊನೆಯೊಳಗೆ ಮುಚ್ಚುತ್ತವೆ.

ಇನ್ನೊಂದು ಬಗೆ ಮುಂಗಡ ಚೆಕ್ಕಿನದು. 2000ರ ದಶಕದಲ್ಲಿ 'ಕ್ಯಾಂಪಿಂಗ್ ಚೆಕ್' ಇದಕ್ಕೆ ಹೆಸರಾಗಿತ್ತು. ರಾತ್ರಿಗೊಂದರಂತೆ ಚೆಕ್ಕುಗಳನ್ನು ಮೊದಲೇ ಕೊಂಡು, ಹೋದಲ್ಲಿ ಕೊಡುತ್ತಾ ಹೋಗುವುದು. ಲೆಕ್ಕ ಸರಳ, ಆದರೆ ಹಣ ಮೊದಲೇ ಕೈಬಿಟ್ಟಿರುತ್ತದೆ. ಮಗುವಿಗೆ ಜ್ವರ ಬಂದು ಅರ್ಧದಲ್ಲೇ ಹಿಂತಿರುಗಿದರೆ ಉಳಿದ ಚೆಕ್ಕುಗಳ ಗತಿಯೇನು? ಮುಂಗಡ ಕೇಳುವ ಯಾವುದೇ ಯೋಜನೆಯಲ್ಲಿ ಅವಧಿ ಎಲ್ಲಿಯವರೆಗೆ, ಹಣ ವಾಪಸು ಸಿಗುತ್ತದೆಯೇ ಎಂದು ಬರಹದಲ್ಲಿ ನೋಡದೆ ಕೊಳ್ಳಬೇಡಿ.

'ಕ್ಯಾಂಪಿಂಗ್ ಕಾರ್ಡ್ ಇಂಟರ್‌ನ್ಯಾಷನಲ್' ಎಂಬುದೂ ಒಂದಿದೆ. ಹೆಸರು ಹತ್ತಿರ, ಕೆಲಸ ಬೇರೆ. ಅದು ಮುಖ್ಯವಾಗಿ ಗುರುತಿನ ಚೀಟಿ. ಕಚೇರಿಯಲ್ಲಿ ಪಾಸ್‌ಪೋರ್ಟ್ ಒತ್ತೆಯಿಡುವುದನ್ನು ತಪ್ಪಿಸುತ್ತದೆ, ಇತರರಿಗೆ ನಮ್ಮಿಂದ ಆಗುವ ಹಾನಿಗೆ ವಿಮೆ ಕೊಡುತ್ತದೆ. ರಿಯಾಯಿತಿ ಅದರಲ್ಲಿ ಒಂದು ಹೆಚ್ಚುವರಿ ಮಾತ್ರ.

ಈಗ ತಾರೀಕುಗಳ ಮಾತು. ಸೀಸನ್ ಯಾವಾಗ ಎಂಬುದನ್ನು ಆಯಾ ಕ್ಯಾಂಪ್‌ಸೈಟೇ ನಿರ್ಧರಿಸುತ್ತದೆ. ಜುಲೈ, ಆಗಸ್ಟ್ ತಿಂಗಳ ಬಹುಭಾಗ ಹೇಗೂ ಹೊರಗೆ. ಈಸ್ಟರ್ ಮತ್ತು ಅದಾದ 50ನೇ ದಿನದ ಆಸುಪಾಸು ಬರುವ ಪೆಂಟೆಕೋಸ್ಟ್ ರಜೆಗಳನ್ನೂ ಹಲವರು ಹೊರಗಿಡುತ್ತಾರೆ. ಬವೇರಿಯಾದ ಶಾಲೆಗಳಿಗೆ ಆಗ ಎರಡು ವಾರ ರಜೆ. ಜರ್ಮನರ ಕಾರುಗಳು ಆಲ್ಪ್ಸ್ ದಾಟಿ ಇಟಲಿಯ ಗಾರ್ಡಾ ಸರೋವರದ ದಡ ತುಂಬುತ್ತವೆ. ಹೀಗಾಗಿ ಮಕ್ಕಳಿಗೆ ಬಿಡುವಾದಾಗ ಕಾರ್ಡು ನಡೆಯುವುದಿಲ್ಲ, ಕಾರ್ಡು ನಡೆಯುವಾಗ ಮಕ್ಕಳಿಗೆ ಬಿಡುವಿಲ್ಲ. ಒಂದೆರಡು ವಾರ ಶಾಲೆ ತಪ್ಪಿಸಿದರೇನು ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದರೆ ತಂದೆಗೂ ತಾಯಿಗೂ ಪ್ರತಿಯೊಂದು ಮಗುವಿನ ಲೆಕ್ಕದಲ್ಲಿ ದಂಡ ಬೀಳಬಹುದು. 2024ರ ಆಗಸ್ಟ್‌ನಿಂದ ಅದು 80 ಪೌಂಡ್, 21 ದಿನಗಳೊಳಗೆ ಕಟ್ಟದಿದ್ದರೆ 160. ರಿಯಾಯಿತಿಯಲ್ಲಿ ಉಳಿಸಿದ್ದೆಲ್ಲ ಅಲ್ಲಿಗೆ ಸಂದಾಯ! ಅಕ್ಟೋಬರ್ ಕೊನೆಯ ವಾರದ ರಜೆ ಅಲ್ಲಿನ ಕುಟುಂಬಗಳಿಗೆ ಒದಗಿ ಬರುವ ಸಮಯ.

ಅಕ್ಟೋಬರ್ ಎಂದರೆ ಚಳಿ. ಎಸಿಎಸ್‌ಐ ದರದಲ್ಲಿ ದಿನಕ್ಕೆ 4 ಯೂನಿಟ್ ವಿದ್ಯುತ್ ಸೇರಿರುತ್ತದೆ. ಬೇಸಿಗೆಗೆ ಅದು ಧಾರಾಳ. ಆದರೆ 1000 ವಾಟಿನ ಹೀಟರ್ ಹಾಕಿದರೆ ನಾಲ್ಕೇ ಗಂಟೆಗೆ ಮುಗಿಯುತ್ತದೆ. ಎಷ್ಟು ಆಂಪಿಯರ್ ಸಂಪರ್ಕ ಎಂಬುದನ್ನೂ ಕೇಳಿಕೊಳ್ಳಿ. 6 ಆಂಪಿಯರ್ ಆದರೆ ಸುಮಾರು 1380 ವಾಟ್ ಮಾತ್ರ; 2000 ವಾಟಿನ ಕೆಟಲ್‌ನಲ್ಲಿ ಚಹಾಕ್ಕೆ ನೀರಿಟ್ಟರೆ ಕತ್ತಲೆಯಾಗಬಹುದು. ಆದ್ದರಿಂದ ಚಳಿಯಲ್ಲಿ ಹೊರಡುವವರು ಗ್ಯಾಸ್ ಹೀಟರನ್ನೇ ನೆಚ್ಚುತ್ತಾರೆ. ಅಲ್ಲಿಯೂ ಒಂದು ಎಚ್ಚರಿಕೆ ಬೇಕು. ಬ್ಯೂಟೇನ್ ಗ್ಯಾಸ್ ಸೊನ್ನೆ ಡಿಗ್ರಿಯ ಹತ್ತಿರ ಬಂದಾಗ ಆವಿಯಾಗದೆ ಸಿಲಿಂಡರಿನಲ್ಲೇ ಉಳಿಯುತ್ತದೆ. ಪ್ರೊಪೇನ್ ಮೈನಸ್ 40 ಡಿಗ್ರಿಯಲ್ಲೂ ಉರಿಯುತ್ತದೆ. ಚಿಕ್ಕ ಮಕ್ಕಳೂ ವಯಸ್ಸಾದವರೂ ಜೊತೆಗಿದ್ದರೆ ಸಿಲಿಂಡರಿನಲ್ಲಿ ಯಾವುದಿದೆ ಎಂದು ನೋಡದೆ ಹೊರಡಬಾರದು. ಹೀಟರ್ ಉರಿಯುವಾಗ ಕ್ಯಾರವಾನಿನ ಗಾಳಿಕಿಂಡಿಗಳನ್ನು ಬಟ್ಟೆ ತುರುಕಿ ಮುಚ್ಚಲೇಬಾರದು. ವಿಷಾನಿಲ ತುಂಬಿ ಪ್ರಾಣಕ್ಕೇ ಅಪಾಯ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಒಳಗೆ ಅಳವಡಿಸಿಕೊಳ್ಳಿ.

ಊರಿನಿಂದ ಬರುವ ಹಿರಿಯರನ್ನು ಚಳಿಗಾಲವಿಡೀ ಸ್ಪೇನ್‌ನ ದಕ್ಷಿಣ ಕರಾವಳಿಯಲ್ಲಿ ಇರಿಸಿಕೊಳ್ಳುವ ಯೋಚನೆ ಇದ್ದರೆ ಷೆಂಗೆನ್ ವೀಸಾದ ಮಿತಿ ನೆನಪಿರಲಿ: ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. 2021ರಿಂದ ಬ್ರಿಟಿಷ್ ಪಾಸ್‌ಪೋರ್ಟಿನವರಿಗೂ ಇದೇ ಮಿತಿ. ತಿಂಗಳುಗಟ್ಟಲೆ ನಿಲ್ಲುವವರು ಕಾರ್ಡಿನ ದರಕ್ಕಿಂತ ತಿಂಗಳ ದರವನ್ನೇ ಕೇಳಬೇಕು, ಅದು ಸಾಮಾನ್ಯವಾಗಿ ಅಗ್ಗ. ಕರೆಂಟಿನ ಬಿಲ್ಲು ಮಾತ್ರ ಬಹಳ ಕಡೆ ಮೀಟರಿನಂತೆ ಬೇರೆಯೇ ಬರುತ್ತದೆ.

ಯೋಜನೆ ಯಾವುದೇ ಇರಲಿ, ಹೊರಡುವ ಮುನ್ನ ಕ್ಯಾಂಪ್‌ಸೈಟಿಗೊಂದು ಫೋನ್ ಮಾಡಿ. ಸೀಸನ್ ಮುಗಿದ ಮೇಲೆ ಅಂಗಡಿ, ಈಜುಕೊಳ ಮುಚ್ಚಿರುತ್ತವೆ. ನಾಲ್ಕು ಸ್ನಾನಗೃಹಗಳಿದ್ದಲ್ಲಿ ಒಂದೇ ತೆರೆದಿರಬಹುದು. ಅದು ನಿಮ್ಮ ಜಾಗದಿಂದ ಎಷ್ಟು ದೂರ, ರಾತ್ರಿ ದೀಪವಿದೆಯೇ ಎಂದು ಹೆಂಗಸರು, ಮಕ್ಕಳ ಸಲುವಾಗಿ ಕೇಳಿ. ಮಳೆ ಬಿದ್ದ ಹುಲ್ಲಿನಲ್ಲಿ ಕ್ಯಾರವಾನಿನ ಚಕ್ರ ಹೂತು ಹೋಗುವುದರಿಂದ ಜಲ್ಲಿ ಹಾಸಿದ ಜಾಗ ಬೇಕೆಂದು ಹೇಳಿ. ಫ್ರಾನ್ಸ್‌ನಲ್ಲಿ ಮಧ್ಯಾಹ್ನ 12ರಿಂದ 2ರವರೆಗೆ ಕಚೇರಿ ಮುಚ್ಚುವುದು ವಾಡಿಕೆ, ಆ ಹೊತ್ತಿಗೆ ಗೇಟಿನ ಮುಂದೆ ಹೋಗಿ ನಿಲ್ಲಬೇಡಿ.