ಊರ ಶಾಸನಗಲ್ಲುಗಳು ಮತ್ತು ಡಿಜಿಟಲ್ ಗ್ರಂಥಭಂಡಾರ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಚಿಕ್ಕಬಳ್ಳಾಪುರ ಜಿಲ್ಲೆಯ ಅನೇಕ ಗ್ರಾಮಗಳಲ್ಲಿ ಕೆರೆಯ ಏರಿ, ದೇವಾಲಯದ ಅಂಗಳ, ಹೊಲದ ಬದು ಮತ್ತು ಅರಳಿಕಟ್ಟೆಗಳ ಬಳಿ ಬರಹವುಳ್ಳ ಕಲ್ಲುಗಳಿವೆ. ಅವುಗಳಲ್ಲಿ ಏನು ಬರೆದಿದೆ ಎಂಬುದು ಬಹುಪಾಲು ಗ್ರಾಮಸ್ಥರಿಗೆ ತಿಳಿಯದು. ಆದರೆ ಇಂತಹ ಅನೇಕ ಕಲ್ಲುಗಳ ಪಾಠವನ್ನು ಶತಮಾನಕ್ಕೂ ಹಿಂದೆಯೇ ಓದಿ ಮುದ್ರಿಸಲಾಗಿದೆ. ಆ ಸಂಪುಟಗಳು ಈಗ ಅಂತರಜಾಲದಲ್ಲಿ ಉಚಿತವಾಗಿ ಲಭ್ಯವಿವೆ. ವಿದ್ವಾಂಸರೂ ಶಿಕ್ಷಕರೂ ಅವನ್ನು ಬಳಸುವ ಕ್ರಮವನ್ನು ಪಂಚಾಯತಿ ಸದಸ್ಯರು ಅರಿತಿದ್ದರೆ ಊರಿನ ಕಲ್ಲನ್ನು ಉಳಿಸಿಕೊಳ್ಳಲು ಅನುಕೂಲವಾಗುತ್ತದೆ.

ಸಂಪುಟದ ಪರಿಚಯ

ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಹೆಸರಿನಲ್ಲಿ 12 ಸಂಪುಟಗಳನ್ನು ಹೊರತಂದರು. ಅವುಗಳಲ್ಲಿ ಒಟ್ಟು ಸುಮಾರು 9,000 ಶಾಸನಗಳಿವೆ. ಹತ್ತನೆಯ ಸಂಪುಟ ಕೋಲಾರ ಜಿಲ್ಲೆಗೆ ಮೀಸಲಾದುದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದುದು 2007ರಲ್ಲಿ. ಆದ್ದರಿಂದ ನಮ್ಮ ತಾಲ್ಲೂಕುಗಳ ಶಾಸನಗಳನ್ನು ಕೋಲಾರದ ಹೆಸರಿನಲ್ಲೇ ಹುಡುಕಬೇಕು. ಇಂದಿನ ಮಂಚೇನಹಳ್ಳಿಯ ಕಡೆಯವರು ಗೌರಿಬಿದನೂರು ತಾಲ್ಲೂಕಿನ ಭಾಗವನ್ನೂ, ಚೇಳೂರಿನ ಕಡೆಯವರು ಬಾಗೇಪಲ್ಲಿಯ ಭಾಗವನ್ನೂ ನೋಡಬೇಕಾಗುತ್ತದೆ.

ಸಂಪುಟದಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಕ್ರಮಸಂಖ್ಯೆ ಇದೆ. ಕಲ್ಲು ಯಾವ ಗ್ರಾಮದ ಯಾವ ಜಾಗದಲ್ಲಿತ್ತು ಎಂಬ ಸೂಚನೆ, ಮೂಲ ಪಾಠ, ಇಂಗ್ಲಿಷ್ ಅನುವಾದಗಳು ದೊರೆಯುತ್ತವೆ. ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಈ ಸಂಪುಟಗಳ ಪುಟಗಳನ್ನು ಮೂಲರೂಪದಲ್ಲೇ ಓದಬಹುದು.

ವಿದ್ವಾಂಸರು ಬಳಸುವ ಬಗೆ

ಮೊದಲು ಈ ಗ್ರಂಥಗಳನ್ನು ನೋಡಬೇಕಾದವರು ಬೆಂಗಳೂರು ಅಥವಾ ಮೈಸೂರಿನ ದೊಡ್ಡ ಗ್ರಂಥಾಲಯಗಳಿಗೆ ಹೋಗಬೇಕಿತ್ತು. ಈಗ ಸಂಶೋಧಕರು ಗ್ರಾಮದ ಹೆಸರನ್ನು ಪರದೆಯ ಮೇಲೆಯೇ ಹುಡುಕಿ, ಮುದ್ರಿತ ಪಾಠವನ್ನು ಸ್ಥಳದಲ್ಲಿರುವ ಕಲ್ಲಿನೊಡನೆ ಹೋಲಿಸುತ್ತಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುವ ಕಾರ್ಯವನ್ನು ಕೈಗೊಂಡಿದೆ. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಇಂತಹ ಚಿತ್ರಗಳಲ್ಲಿ ಸ್ಪಷ್ಟವಾಗುವುದುಂಟು.

ಹುಡುಕುವಾಗ ಕೆಲವು ಎಚ್ಚರಗಳು ಅಗತ್ಯ. ಹಳೆಯ ಪುಸ್ತಕಗಳಲ್ಲಿ ಊರಿನ ಹೆಸರಿನ ಕಾಗುಣಿತ ಇಂದಿನಂತಿರುವುದಿಲ್ಲ. ಗೌರಿಬಿದನೂರು ಅಲ್ಲಿ 'ಗೋರಿಬಿದ್ನೂರು' ಎಂದಾಗಿರುತ್ತದೆ. ಹಳೆಯ ಕನ್ನಡ ಅಚ್ಚನ್ನು ಗಣಕಯಂತ್ರ ಸರಿಯಾಗಿ ಓದಲಾರದು. ಆದ್ದರಿಂದ ಹುಡುಕಾಟದಲ್ಲಿ ಹೆಸರು ಬಾರದಿದ್ದರೆ ಶಾಸನವೇ ಇಲ್ಲವೆಂದು ತೀರ್ಮಾನಿಸದೆ, ತಾಲ್ಲೂಕಿನ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಬೇಕು. ರೈಸ್ ಅವರ ಓದಿಗೆ ನಂತರದ ವಿದ್ವಾಂಸರು ತಿದ್ದುಪಡಿ ಸೂಚಿಸಿರುವುದರಿಂದ ಒಂದೇ ಪುಸ್ತಕವನ್ನು ಅಂತಿಮವೆಂದು ಭಾವಿಸಬಾರದು. ಕೋಲಾರ ಜಿಲ್ಲೆಯ ಪೂರಕ ಶಾಸನಗಳು 17ನೆಯ ಸಂಪುಟದಲ್ಲಿವೆ.

ಶಾಲೆಗಳಲ್ಲಿ ಬಳಕೆ

ಗಂಗರು, ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು ಎಂಬ ಹೆಸರುಗಳನ್ನು ಮಕ್ಕಳು ಪಠ್ಯದಲ್ಲಿ ಓದುತ್ತಾರೆ. ಅದೇ ಹೆಸರು ತಮ್ಮ ಊರಿನ ಕಲ್ಲಿನಲ್ಲಿದೆ ಎಂದು ಶಿಕ್ಷಕರು ಪುಟ ತೆರೆದು ತೋರಿಸಿದಾಗ ಪಾಠದ ಅರ್ಥವೇ ಬೇರೆಯಾಗುತ್ತದೆ. ನಂದಿಯ ಭೋಗನಂದೀಶ್ವರ ದೇವಾಲಯದ ಪ್ರಾಚೀನತೆಯನ್ನು ತಿಳಿಯಲು ಆಧಾರವಾಗಿರುವುದು ಕಲ್ಲು ಮತ್ತು ತಾಮ್ರಪಟಗಳ ಬರಹಗಳೇ. ಈ ಭಾಗದಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು ಶಾಸನಗಳೂ ಇರುವುದರಿಂದ ಗಡಿನಾಡಿನ ಭಾಷಾ ಸಹಬಾಳ್ವೆಯನ್ನೂ ಮಕ್ಕಳಿಗೆ ತಿಳಿಸಬಹುದು.

ಕೆರೆಗಳಿಗೆ ಸಂಬಂಧಿಸಿದ ಶಾಸನಗಳು ಪಂಚಾಯತಿಗಳಿಗೆ ವಿಶೇಷವಾಗಿ ಉಪಯುಕ್ತ. ಕೆರೆ ಕಟ್ಟಿಸಿದವರಿಗೆ ಅಥವಾ ಅದನ್ನು ದುರಸ್ತಿಯಲ್ಲಿಡುವವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿಯನ್ನು 'ಬಿತ್ತುವಟ್ಟ', 'ಕಟ್ಟುಕೊಡಗೆ' ಎಂಬ ಪದಗಳು ಸೂಚಿಸುತ್ತವೆ. ನದಿಯ ಆಸರೆಯಿಲ್ಲದ ಈ ಸೀಮೆಯಲ್ಲಿ ಹೂಳೆತ್ತುವುದೂ ಏರಿ ಕಾಯುವುದೂ ಅಂದಿನಿಂದಲೇ ಊರಿನ ಹೊಣೆಯಾಗಿದ್ದವು.

ಪಂಚಾಯತಿಯ ಪಾತ್ರ

ಮುದ್ರಿತ ಪಾಠ ಉಳಿದಿದ್ದರೂ ಕಲ್ಲೇ ಕಾಣೆಯಾದರೆ ಆ ಪಾಠವನ್ನು ಮರಳಿ ಪರಿಶೀಲಿಸುವ ದಾರಿ ಮುಚ್ಚಿಹೋಗುತ್ತದೆ. ರಸ್ತೆ ಅಗಲೀಕರಣ, ಏರಿ ದುರಸ್ತಿ, ಕಟ್ಟಡದ ಪಾಯ ಇವುಗಳಲ್ಲಿ ಶಾಸನಗಳು ಹೂತುಹೋಗುವ ಅಪಾಯವಿದೆ. ನಿಧಿಯಾಸೆಯಿಂದ ವೀರಗಲ್ಲುಗಳ ಬುಡ ಅಗೆಯುವವರೂ ಇದ್ದಾರೆ. ಶಾಸನವು ನಿಧಿಯ ಗುರುತಲ್ಲ; ಅದು ದಾನದ, ಹೋರಾಟದ ಅಥವಾ ಕಟ್ಟಳೆಯ ದಾಖಲೆ ಎಂಬುದನ್ನು ಗ್ರಾಮಸಭೆಯಲ್ಲಿ ತಿಳಿಹೇಳುವುದು ಅವಶ್ಯ.

ಸಂವಿಧಾನದ 11ನೆಯ ಅನುಸೂಚಿಯಲ್ಲಿ ಗ್ರಂಥಾಲಯಗಳೂ ಸಾಂಸ್ಕೃತಿಕ ಚಟುವಟಿಕೆಗಳೂ ಪಂಚಾಯತಿಗಳ ವಿಷಯಗಳಾಗಿವೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಈ ಕೇಂದ್ರಗಳ ಮೂಲಕ ಕೆಳಕಂಡ ಕಾರ್ಯಗಳನ್ನು ಹೆಚ್ಚಿನ ವೆಚ್ಚವಿಲ್ಲದೆ ಕೈಗೊಳ್ಳಬಹುದು:

1. ಪಂಚಾಯತಿ ವ್ಯಾಪ್ತಿಯ ಗ್ರಾಮಗಳ ಶಾಸನ ಪುಟಗಳನ್ನು ಇಳಿಸಿಕೊಂಡು, ಮುದ್ರಿತ ಪ್ರತಿಯನ್ನು ಕೇಂದ್ರದಲ್ಲಿಡುವುದು.

2. ಶಿಕ್ಷಕರು ಹಾಗೂ ವಿದ್ಯಾರ್ಥಿಗಳ ನೆರವಿನಿಂದ, ಕಲ್ಲುಗಳನ್ನು ಕದಲಿಸದೆ ಛಾಯಾಚಿತ್ರ ತೆಗೆದು, ಸ್ಥಳದ ವಿವರದೊಂದಿಗೆ ವಹಿಯಲ್ಲಿ ದಾಖಲಿಸುವುದು.

3. ಶಾಸನಗಳಿಗೆ ಸುಣ್ಣ, ಬಣ್ಣ, ಎಣ್ಣೆ ಬಳಿಯದಂತೆಯೂ ಅಕ್ಷರಗಳನ್ನು ಚೂಪಾದ ವಸ್ತುವಿನಿಂದ ಕೆರೆಯದಂತೆಯೂ ಎಚ್ಚರಿಸುವುದು.

4. ಕಾಮಗಾರಿ ಆರಂಭಿಸುವ ಮುನ್ನ ಈ ವಹಿಯನ್ನು ಪರಿಶೀಲಿಸಿ, ಹೊಸ ಶಾಸನ ಕಂಡಲ್ಲಿ ಕೆಲಸ ನಿಲ್ಲಿಸಿ ಪುರಾತತ್ವ ಇಲಾಖೆಗೆ ತಿಳಿಸುವುದು.

ಪುಸ್ತಕದಲ್ಲಿ ದಾಖಲಾಗಿದ್ದರೂ ಸ್ಥಳದಲ್ಲಿ ಕಾಣದ ಕಲ್ಲುಗಳನ್ನು ವಹಿಯಲ್ಲಿ ಪ್ರತ್ಯೇಕವಾಗಿ ಬರೆದಿಡತಕ್ಕದ್ದು. ಊರಿನ ಹಿರಿಯರನ್ನು ವಿಚಾರಿಸಿದಾಗ ಅವುಗಳಲ್ಲಿ ಕೆಲವು ಹಿತ್ತಿಲಿನ ಒಗೆಯುವ ಕಲ್ಲಾಗಿಯೋ ಮೋರಿಯ ಹಾಸುಗಲ್ಲಾಗಿಯೋ ಪತ್ತೆಯಾಗಬಹುದು.