ಅನ್‌ಲಿಮಿಟೆಡ್ ಅಂದ್ರೆ ಎಷ್ಟು?

ಅಡುಗೆಮನೆ ಕೆಲಸ ಮುಗಿದ ಮೇಲೆ ಮಧ್ಯಾಹ್ನ ಸಿಗುವ ಎರಡು ಗಂಟೆಯಲ್ಲಿ ಸ್ವಂತದ್ದೊಂದು ವೆಬ್‌ಸೈಟ್ ನಡೆಸುವ ಗೃಹಿಣಿಯರು ಈಗ ಕಡಿಮೆಯೇನಿಲ್ಲ. ಒಬ್ಬರು ಹಸೆಗೆ ಕರೆಯುವ ಹಾಡು, ಆರತಿ ಹಾಡುಗಳನ್ನು ರೆಕಾರ್ಡ್ ಮಾಡಿ ಹಾಕುತ್ತಾರೆ. ಇನ್ನೊಬ್ಬರು ಬ್ಲೌಸ್ ಕಟಿಂಗ್ ನಕ್ಷೆ ಹಾಕುತ್ತಾರೆ. ಟ್ಯೂಷನ್ ಹೇಳುವವರಂತೂ ನೋಟ್ಸು, ಮಾದರಿ ಪ್ರಶ್ನೆಪತ್ರಿಕೆ ಎಲ್ಲವನ್ನೂ ಪಿಡಿಎಫ್ ಮಾಡಿ ಇಡುತ್ತಾರೆ. ಇಂಥ ಸೈಟಿಗೆ ಜನ ಬರುವುದು ಓದಿ ಹೋಗುವುದಕ್ಕಿಂತ ಹೆಚ್ಚಾಗಿ ಫೈಲ್ ಇಳಿಸಿಕೊಂಡು ಹೋಗುವುದಕ್ಕೆ. ಹಾಗಾಗಿ ಅದಕ್ಕೆ ಜಾಗ ಬಾಡಿಗೆಗೆ ಹಿಡಿಯುವಾಗ, ಅಂದರೆ ಹೋಸ್ಟಿಂಗ್ ಆರಿಸುವಾಗ, ಸಾಧಾರಣ ಸೈಟಿನ ಲೆಕ್ಕ ಸಾಲದು.

ನನ್ನ ನಾದಿನಿಯ ವಿಷಯವನ್ನೇ ಹೇಳ್ತೀನಿ. ಬಿ.ಎಸ್ಸಿ., ಬಿ.ಎಡ್. ಮಾಡಿದವಳು, ಮಧುಗಿರಿಯಲ್ಲಿ ಮನೆಯಲ್ಲೇ ಹತ್ತನೇ ತರಗತಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಶಾಲೆಯ ಲೆಕ್ಕದಲ್ಲಿ ಮಧುಗಿರಿಯೇ ಒಂದು ಜಿಲ್ಲೆ, ಗೊತ್ತಲ್ಲ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳು ಕಂದಾಯದ ಮಟ್ಟಿಗೆ ತುಮಕೂರಿಗೆ ಸೇರಿದರೂ, ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರು ಬೇರೆ, ಮಧುಗಿರಿ ಬೇರೆ. ಈ ಶೈಕ್ಷಣಿಕ ಜಿಲ್ಲೆಯ ಮಕ್ಕಳಿಗೆ ಉಪಯೋಗವಾಗಲಿ ಅಂತ ಅವಳು ತನ್ನ ಕೈಬರಹದ ನೋಟ್ಸನ್ನೆಲ್ಲ ಸ್ಕ್ಯಾನ್ ಮಾಡಿ ಸೈಟಿಗೆ ಹಾಕಿದಳು. ಒಬ್ಬರಿಂದೊಬ್ಬರಿಗೆ ವಾಟ್ಸಾಪಿನಲ್ಲಿ ಲಿಂಕು ಹೋಯಿತು. 2023ರ ಮಾರ್ಚ್ ಕೊನೆಯ ವಾರ, ಪರೀಕ್ಷೆಗೆ ನಾಲ್ಕೇ ದಿನ ಇದೆ ಅನ್ನುವಾಗ ಪಾವಗಡದ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿ, 'ಮಿಸ್, ನಿಮ್ಮ ಸೈಟಿನಲ್ಲಿ ಏನೋ 509 ಅಂತ ಬರ್ತಿದೆ' ಅಂದಳು. ತೆರೆದು ನೋಡಿದರೆ ಇಡೀ ಸೈಟು ಮಾಯ. 'ಬ್ಯಾಂಡ್‌ವಿಡ್ತ್ ಲಿಮಿಟ್ ಎಕ್ಸೀಡೆಡ್' ಅನ್ನುವ ಒಂದೇ ಸಾಲು. ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗ ತಣ್ಣಗೆ, 'ಏಪ್ರಿಲ್ 1ಕ್ಕೆ ತಾನಾಗೇ ಸರಿಹೋಗುತ್ತೆ ಮೇಡಂ' ಎಂದ. ಪರೀಕ್ಷೆ ಶುರುವಾಗುವುದು ಮಾರ್ಚ್ 31ಕ್ಕೆ!

ಆದದ್ದೇನು? ಇಲ್ಲಿ ಎರಡು ಅಳತೆಗಳಿವೆ, ಒಂದನ್ನೊಂದು ಬೆರೆಸಬೇಡಿ. ನಿಮ್ಮ ಮನೆಯ ಸಂಪು ಎಷ್ಟು ಲೀಟರಿನದು ಅನ್ನುವುದು ಸ್ಟೋರೇಜ್. ತಿಂಗಳಲ್ಲಿ ನಲ್ಲಿಯಿಂದ ಎಷ್ಟು ಲೀಟರ್ ಹರಿಯಿತು ಅಂತ ಮೀಟರ್ ತೋರಿಸುತ್ತದಲ್ಲ, ಅದು ಬ್ಯಾಂಡ್‌ವಿಡ್ತ್. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುವುದು ಸಂಪಿನ ಅಳತೆಯನ್ನು. ಡೌನ್‌ಲೋಡ್ ಸೈಟನ್ನು ಮುಳುಗಿಸುವುದು ಮೀಟರು.

ನಾದಿನಿಯ ನೋಟ್ಸ್ 84 ಪುಟ, ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಒಂದೇ ಫೈಲು, 62 ಎಂಬಿ. ಅವಳು ಕೊಂಡಿದ್ದ ಪ್ಲಾನಿನಲ್ಲಿ ತಿಂಗಳಿಗೆ 10 ಜಿಬಿ, ಅಂದರೆ 10,240 ಎಂಬಿ ಹರಿಯಬಹುದು. 62ರಿಂದ ಭಾಗಿಸಿ ನೋಡಿ. 165 ಮಕ್ಕಳು ಇಳಿಸಿಕೊಂಡರೆ ಆ ತಿಂಗಳ ಪಡಿ ಮುಗಿಯಿತು. 166ನೆಯ ಮಗುವಿಗೆ ಸಿಕ್ಕಿದ್ದು ಬರೀ 509. ಅದೂ ಎಲ್ಲರೂ ಒಂದೇ ಸಲ ಪೂರ್ತಿ ಇಳಿಸಿಕೊಂಡರೆ ಅನ್ನುವ ಲೆಕ್ಕ. ಸಿಗ್ನಲ್ ಹೋಗಿ ಅರ್ಧಕ್ಕೆ ನಿಂತು ಮತ್ತೆ ಮೊದಲಿಂದ ಶುರುಮಾಡಿದರೆ ಆ ಅರ್ಧವೂ ಮೀಟರಿಗೆ ಸೇರುತ್ತದೆ. ಸರ್ಚ್ ಇಂಜಿನ್‌ಗಳ ಯಂತ್ರಗಳು ಬಂದು ಫೈಲ್ ಓದಿಕೊಂಡು ಹೋದದ್ದೂ ಸೇರುತ್ತದೆ.

ಆದ್ದರಿಂದ ಯಾವ ಕಂಪನಿ, ಯಾವ ಪ್ಲಾನು ಅಂತ ಕೇಳುವ ಮೊದಲು ಒಂದು ಹಾಳೆ ತೆಗೆದುಕೊಂಡು ಈ ಗುಣಾಕಾರ ಮಾಡಿ: ಫೈಲಿನ ಗಾತ್ರ ಎಷ್ಟು, ಎಷ್ಟು ಜನ ಇಳಿಸಿಕೊಳ್ಳುತ್ತಾರೆ. ವರ್ಷದ ಸರಾಸರಿ ಹಿಡಿಯಬೇಡಿ, ಅತಿ ಹೆಚ್ಚು ನೂಕುನುಗ್ಗಲಿರುವ ತಿಂಗಳನ್ನು ಹಿಡಿಯಿರಿ. ನೋಟ್ಸಿನ ಸೈಟಿಗೆ ಅದು ಮಾರ್ಚ್. ಸಂಪ್ರದಾಯದ ಹಾಡಿನ ಸೈಟಿಗೆ ಶ್ರಾವಣವೋ, ಮದುವೆ ಸೀಸನ್ನೋ ಇರಬಹುದು. ಜೂನ್‌ನಿಂದ ಡಿಸೆಂಬರ್‌ವರೆಗೆ ಸೈಟು ತೂಕಡಿಸುತ್ತಾ ಇರುತ್ತದೆ, ಬೇಕಾದ ದಿನವೇ ಕೈಕೊಡುತ್ತದೆ.

'ಹಾಗಾದರೆ ಅನ್‌ಲಿಮಿಟೆಡ್ ಪ್ಲಾನ್ ತಗೊಂಡರಾಯ್ತಲ್ಲ' ಅಂತೀರಾ? ಹೋಟೆಲಿನಲ್ಲಿ ಅನ್‌ಲಿಮಿಟೆಡ್ ಊಟದ ಬೋರ್ಡಿನ ಕೆಳಗೆ ಸಣ್ಣದಾಗಿ 'ಪಾರ್ಸಲ್ ಇಲ್ಲ' ಅಂತ ಬರೆದಿರುತ್ತಾರಲ್ಲ, ಇದೂ ಹಾಗೇ. ಶೇರ್ಡ್ ಹೋಸ್ಟಿಂಗ್ ಅಂದರೆ ವಠಾರದ ಮನೆ. ಒಂದೇ ಸರ್ವರ್‌ನಲ್ಲಿ ನೂರಾರು ಸೈಟುಗಳು ಒಟ್ಟಿಗೆ ವಾಸವಾಗಿರುತ್ತವೆ. ಒಬ್ಬರೇ ಇಡೀ ದಿನ ನಲ್ಲಿ ಬಿಟ್ಟುಕೊಂಡರೆ ಉಳಿದವರು ಸುಮ್ಮನಿರುತ್ತಾರೆಯೇ? ಅದಕ್ಕೇ ಇಂಥ ಕಂಪನಿಗಳ ನಿಯಮಗಳಲ್ಲಿ, 'ಜಾಗವನ್ನು ವೆಬ್‌ಸೈಟಿಗಾಗಿ ಮಾತ್ರ ಬಳಸಬೇಕು, ಫೈಲ್ ಶೇಖರಣೆಗೆ, ಹಂಚಿಕೆಗೆ ಬಳಸಬಾರದು' ಎಂಬರ್ಥದ ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ. ಒಟ್ಟು ಫೈಲುಗಳ ಸಂಖ್ಯೆಗೂ ಮಿತಿ ಇರುತ್ತದೆ, ಅದನ್ನು ಐನೋಡ್ ಲಿಮಿಟ್ ಅಂತಾರೆ. ದುಡ್ಡು ಕಟ್ಟುವ ಮೊದಲು 'ಫೇರ್ ಯೂಸೇಜ್', 'ಅಕ್ಸೆಪ್ಟಬಲ್ ಯೂಸ್' ಅನ್ನುವ ಪುಟ ತೆರೆದು ಓದಿ. ಬೇಸರದ ಕೆಲಸವೇ, ಆದರೆ ಚಿನ್ನದ ಚೀಟಿ ಹಾಕುವಾಗ ಷರತ್ತು ಓದುವುದಿಲ್ಲವೇ?

ನನ್ನ ಮಟ್ಟಿಗೆ ಇದಕ್ಕೆ ಸರಿಯಾದ ದಾರಿ ಒಂದೇ. ಪಡಸಾಲೆ ಬೇರೆ, ಉಗ್ರಾಣ ಬೇರೆ ಇರಬೇಕು. ಶಿರಾ ಕಡೆಯ ಹಳೆಯ ಮನೆಗಳಲ್ಲಿ ಕಡಲೆಕಾಯಿ ಮೂಟೆ, ಹುಣಸೆಹಣ್ಣಿನ ಮಡಕೆಗಳನ್ನು ಯಾರೂ ನಡುಮನೆಯಲ್ಲಿ ಜೋಡಿಸುತ್ತಿರಲಿಲ್ಲ. ಹಾಗೆಯೇ ಸೈಟಿನ ಪುಟಗಳು, ಪಟ್ಟಿ, ನಿಮ್ಮ ಪರಿಚಯ ಇವೆಲ್ಲ ಕಡಿಮೆ ಬೆಲೆಯ ಸಾಧಾರಣ ಹೋಸ್ಟಿಂಗ್‌ನಲ್ಲಿರಲಿ. ಭಾರದ ಫೈಲುಗಳು ಫೈಲಿಗೆಂದೇ ಇರುವ ಇನ್ನೊಂದು ಜಾಗದಲ್ಲಿರಲಿ. ಪುಟದಲ್ಲಿ ಅವುಗಳ ಲಿಂಕ್ ಮಾತ್ರ ಇದ್ದರೆ ಸಾಕು. ಓದುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಉಗ್ರಾಣಕ್ಕೆ ಯಾವ ಜಾಗ? ಎಲ್ಲರಿಗೂ ಮೊದಲು ನೆನಪಾಗುವುದು ಗೂಗಲ್ ಡ್ರೈವ್. 15 ಜಿಬಿ ಉಚಿತ, ಹತ್ತಿಪ್ಪತ್ತು ಮಕ್ಕಳಿಗೆ ಹಂಚಲು ಚೆನ್ನಾಗಿಯೇ ಇದೆ. ಆದರೆ ಒಂದೇ ಫೈಲನ್ನು ಕಡಿಮೆ ಹೊತ್ತಿನಲ್ಲಿ ತುಂಬಾ ಜನ ಇಳಿಸಿಕೊಂಡರೆ 'ಕೋಟಾ ಮುಗಿದಿದೆ, ಆಮೇಲೆ ಬನ್ನಿ' ಅಂತ ಅದು ಬಾಗಿಲು ಹಾಕಿಬಿಡುತ್ತದೆ. ಕೆಲವೊಮ್ಮೆ 24 ಗಂಟೆ ತೆರೆಯುವುದಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ಹೀಗಾದರೆ ಗತಿಯೇನು?

ಎರಡನೆಯದು ಇಂಟರ್‌ನೆಟ್ ಆರ್ಕೈವ್. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1996ರಲ್ಲಿ ಬ್ರೂಸ್ಟರ್ ಕೇಲ್ ಶುರುಮಾಡಿದ ಲಾಭವಿಲ್ಲದ ಗ್ರಂಥಾಲಯ ಇದು. ಬೆಂಗಳೂರಿನ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ತಂಡದವರು ಸ್ಕ್ಯಾನ್ ಮಾಡಿದ ಸಾವಿರಾರು ಕನ್ನಡ ಪುಸ್ತಕಗಳು ಉಚಿತವಾಗಿ ಸಿಗುವುದು ಇಲ್ಲೇ. ನಾವೂ ಖಾತೆ ತೆರೆದು ನಮ್ಮ ಸ್ವಂತ ಫೈಲುಗಳನ್ನು ಇಡಬಹುದು, ಬಿಡಿಗಾಸು ಕೇಳುವುದಿಲ್ಲ. ಎರಡು ಎಚ್ಚರಿಕೆ ಇರಲಿ. ಅಲ್ಲಿ ಇಟ್ಟದ್ದನ್ನು ಇಡೀ ಪ್ರಪಂಚ ನೋಡುತ್ತದೆ, ಮಕ್ಕಳ ಹೆಸರು, ಫೋನ್ ನಂಬರ್, ಅಂಕಪಟ್ಟಿ ಯಾವುದೂ ಅದರಲ್ಲಿ ಸೇರಬಾರದು. ಇನ್ನೊಂದು, 2024ರ ಅಕ್ಟೋಬರ್‌ನಲ್ಲಿ ಅದರ ಮೇಲೆ ಸೈಬರ್ ದಾಳಿ ನಡೆದು ಕೆಲವು ದಿನ ಬಾಗಿಲೇ ಮುಚ್ಚಿತ್ತು. ಹಾಗಾಗಿ ಎರಡನೇ ಪ್ರತಿ ಇಡಲು ಇದು ಅತ್ಯುತ್ತಮ, ಇದೊಂದನ್ನೇ ನೆಚ್ಚಿಕೊಳ್ಳುವುದು ಬೇಡ. ಉಚಿತ ಜಾಗದ ಹಣೆಬರಹವೇ ಅಷ್ಟು. ಲಕ್ಷಾಂತರ ಜನ ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸನ್ನು ಯಾಹೂ 2009ರ ಅಕ್ಟೋಬರ್‌ನಲ್ಲಿ ಮುಚ್ಚಿದ್ದು ಹಳಬರಿಗೆ ನೆನಪಿರಬಹುದು.

ಮೂರನೆಯದು ಆಬ್ಜೆಕ್ಟ್ ಸ್ಟೋರೇಜ್. ಹೆಸರು ಕೇಳಿ ಹೆದರಬೇಡಿ, ಇದು ಬರೀ ಫೈಲಿಡುವ ಗೋಡೌನು. ಅಮೆಜಾನ್ 2006ರಲ್ಲಿ ಶುರುಮಾಡಿದ ಎಸ್3 ಬಹಳ ಹೆಸರುವಾಸಿ, 2016ರಿಂದ ಮುಂಬಯಿಯಲ್ಲೂ ಅದರ ಕೇಂದ್ರವಿದೆ. ಹೊರಗೆ ಹರಿಯುವ ಮೊದಲ 100 ಜಿಬಿ ತಿಂಗಳಿಗೆ ಉಚಿತ, ಆಮೇಲೆ ಮುಂಬಯಿ ಕೇಂದ್ರದಿಂದ ಪ್ರತಿ ಜಿಬಿಗೆ ಸುಮಾರು 11 ಸೆಂಟ್. ಕಡಿಮೆ ಅನ್ನಿಸುತ್ತದೆ ಅಲ್ವಾ? ಮಾರ್ಚ್‌ನಲ್ಲಿ 500 ಜಿಬಿ ಹರಿದರೆ 44 ಡಾಲರ್ ಬಿಲ್ಲು ಬರುತ್ತದೆ, ಮನೆ ಖರ್ಚಿನಲ್ಲಿ ಅದು ಸಣ್ಣದೇನಲ್ಲ. ಇಲ್ಲಿ ಸೈಟು ನಿಲ್ಲುವುದಿಲ್ಲ, ಬಿಲ್ಲೂ ನಿಲ್ಲುವುದಿಲ್ಲ! ಕ್ಲೌಡ್‌ಫ್ಲೇರ್ ಕಂಪನಿ 2022ರಲ್ಲಿ ಎಲ್ಲರಿಗೂ ತೆರೆದ ಆರ್2 ಎಂಬ ಸೇವೆಯಲ್ಲಿ ಹೊರಗೆ ಹರಿದದ್ದಕ್ಕೆ ದುಡ್ಡಿಲ್ಲ, ಒಳಗೆ ಇಟ್ಟದ್ದಕ್ಕೆ ಮಾತ್ರ, ಅದರಲ್ಲೂ ಮೊದಲ 10 ಜಿಬಿ ಉಚಿತ. ಫೈಲನ್ನು ಎಷ್ಟು ಸಲ ಕೇಳಿದರು ಅನ್ನುವುದಕ್ಕೆ ಒಂದು ಮಿತಿಯಿದೆ, ಆದರೆ ಅದು ತಿಂಗಳಿಗೆ 1 ಕೋಟಿ ಸಲ. ನಾಲ್ಕು ತಾಲ್ಲೂಕಿನ ಮಕ್ಕಳು ಸೇರಿ ಅದನ್ನು ಮುಟ್ಟುವುದು ಕನಸು. ನಾದಿನಿಯ ಎಲ್ಲ ಫೈಲು ಸೇರಿ 3 ಜಿಬಿ ದಾಟಿರಲಿಲ್ಲ, ಅವಳು ಇದನ್ನೇ ಆರಿಸಿದಳು. ಶುರುವಿನಲ್ಲಿ ಕಾರ್ಡ್ ನಂಬರ್ ಕೇಳುತ್ತಾರೆ, ಸೆಟ್ಟಿಂಗ್ಸ್ ಸ್ವಲ್ಪ ತಲೆತಿನ್ನುತ್ತದೆ. ಕಂಪ್ಯೂಟರ್ ಓದುತ್ತಿರುವ ಮಗನನ್ನೋ ಪಕ್ಕದ ಮನೆ ಹುಡುಗಿಯನ್ನೋ ಅರ್ಧ ದಿನ ಕೂರಿಸಿಕೊಳ್ಳಿ. ಮಾಡಿಕೊಟ್ಟವರಿಗೆ ಒಬ್ಬಟ್ಟು ಊಟ!

ವಿಡಿಯೊ ಇದ್ದರೆ ಯೋಚನೆಯೇ ಬೇಡ, ಯೂಟ್ಯೂಬಿಗೆ ಹಾಕಿ. ಮನೆಯ ಕಂಪ್ಯೂಟರನ್ನೇ ಸರ್ವರ್ ಮಾಡೋಣ ಅನ್ನುವ ಯಜಮಾನರೂ ಇರುತ್ತಾರೆ. ಪಾವಗಡದ ತಿರುಮಣಿಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ ನಿಜ, ಆದರೆ ನಮ್ಮ ಬೀದಿಯ ಕರೆಂಟಿನ ಕಥೆ ನಮಗೇ ಗೊತ್ತು.

ಇನ್ನು, ಜಾಗ ಹುಡುಕುವುದಕ್ಕಿಂತಲೂ ದೊಡ್ಡ ಉಳಿತಾಯ ಇರುವುದು ಫೈಲನ್ನು ಇಳಿಸುವುದರಲ್ಲಿ. ಬಣ್ಣದ 300 ಡಿಪಿಐ ಬಿಟ್ಟು ಕಪ್ಪು ಬಿಳುಪಿನ 150 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಚುಕ್ಕೆಗಳ ಸಂಖ್ಯೆಯೇ ಕಾಲು ಭಾಗಕ್ಕೆ ಇಳಿಯುತ್ತದೆ, ಬಣ್ಣ ಹೋದದ್ದು ಬೇರೆ ಲಾಭ. ನಾದಿನಿಯ 62 ಎಂಬಿ ಹೀಗೆ 6 ಎಂಬಿ ಆಯಿತು. ಅದೇ ಹಳೆಯ 10 ಜಿಬಿಯಲ್ಲಿ 165 ಮಕ್ಕಳ ಬದಲು 1,700 ಮಕ್ಕಳು ಇಳಿಸಿಕೊಳ್ಳಬಹುದಿತ್ತು! ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದರೆ ಇನ್ನೂ ಹಗುರ, ಪದ ಹುಡುಕಲೂ ಬರುತ್ತದೆ. ಹಳೆಯ ನುಡಿ, ಬರಹ ಅಕ್ಷರದಲ್ಲಿರುವ ವರ್ಡ್ ಫೈಲನ್ನು ಹಾಗೇ ಹಾಕಬೇಡಿ, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹಾಡಿನವರಿಗೆ ಒಂದು ಲೆಕ್ಕ: 128 ಕೆಬಿಪಿಎಸ್‌ನ ಎಂಪಿ3 ನಿಮಿಷಕ್ಕೆ ಹತ್ತಿರಹತ್ತಿರ 1 ಎಂಬಿ. ಬರೀ ಮಾತಿನ ಪಾಠವಾದರೆ 32 ಸಾಕು, ಗಾತ್ರ ಕಾಲು ಭಾಗ.

ಇದರಲ್ಲಿ ಉಳಿಯುವುದು ನಿಮ್ಮ ಬ್ಯಾಂಡ್‌ವಿಡ್ತ್ ಮಾತ್ರ ಅಲ್ಲ. ಹಳ್ಳಿ ಮನೆಯಲ್ಲಿ ಫೋನ್ ಇರುವುದು ಒಂದೇ, ಅದೂ ಅಪ್ಪ ಹೊಲದಿಂದ ಬಂದ ಮೇಲೆ ಕೈಗೆ ಸಿಗುವುದು. ದಿನದ ಡೇಟಾ ಆಗಲೇ ಅರ್ಧ ಖರ್ಚಾಗಿರುತ್ತದೆ. ತ್ರಿಕೋನಮಿತಿ ಮಾತ್ರ ಬೇಕಾದ ಹುಡುಗಿಗೆ ಇಡೀ ಪುಸ್ತಕ ಹೊರಿಸಬೇಡಿ. ಪಾಠಕ್ಕೊಂದು ಫೈಲ್ ಮಾಡಿ, ಲಿಂಕಿನ ಪಕ್ಕದಲ್ಲೇ '2 ಎಂಬಿ' ಅಂತ ಗಾತ್ರ ಬರೆಯಿರಿ. ಪಠ್ಯಪುಸ್ತಕಗಳನ್ನಂತೂ ನೀವು ಇಡುವ ಅಗತ್ಯವೇ ಇಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘ, ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಸೈಟುಗಳಲ್ಲಿ ಪುಸ್ತಕ, ಮಾದರಿ ಪ್ರಶ್ನೆಪತ್ರಿಕೆ ಉಚಿತವಾಗಿವೆ, ಅಲ್ಲಿಗೆ ಲಿಂಕ್ ಕೊಡಿ. ಅಂಗಡಿ ಗೈಡುಗಳನ್ನು ಸ್ಕ್ಯಾನ್ ಮಾಡಿ ಹಾಕುವುದು ಕಾಪಿರೈಟ್ ಕಾಯಿದೆಗೆ ವಿರುದ್ಧ, ದೂರು ಹೋದರೆ ಕಂಪನಿ ನಿಮ್ಮ ಸೈಟನ್ನೇ ತೆಗೆದುಹಾಕಬಹುದು.

ಮಾರುವವರಿಗೆ ಫೋನ್ ಮಾಡಿದಾಗ ನಾಚಿಕೆ ಬಿಟ್ಟು ಕೇಳಿ. ತಿಂಗಳ ಮಿತಿ ದಾಟಿದರೆ ಸೈಟ್ ನಿಲ್ಲಿಸುತ್ತೀರಾ, ಬಿಲ್ ಹಾಕುತ್ತೀರಾ? ಒಂದು ಫೈಲು ಎಷ್ಟು ದೊಡ್ಡದಿರಬಹುದು? ಅರ್ಧಕ್ಕೆ ನಿಂತ ಡೌನ್‌ಲೋಡ್ ಅಲ್ಲಿಂದಲೇ ಮುಂದುವರಿಯುತ್ತದೆಯೇ? ಎರಡನೇ ವರ್ಷದ ರಿನ್ಯೂವಲ್ ಎಷ್ಟು? ಈ ಕೊನೆಯದನ್ನು ಮರೆಯಲೇಬೇಡಿ. ಮೊದಲ ವರ್ಷ ಸೀರೆ ಅಂಗಡಿಯ ಆಷಾಢದ ರಿಯಾಯಿತಿಯಂತೆ ಇರುತ್ತದೆ, ಎರಡನೇ ವರ್ಷ ಬಿಲ್ಲು ನೋಡಿ ಎದೆ ಝಲ್ ಅನ್ನುತ್ತದೆ. ಮೇಲೆ ಶೇ 18 ಜಿಎಸ್‌ಟಿ. ಡೊಮೈನ್ ಹೆಸರು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ನೋಂದಣಿಯಾಗಿರಲಿ. ಸೈಟ್ ಮಾಡಿಕೊಟ್ಟ ಹುಡುಗ ಕೆಲಸ ಬದಲಿಸಿ ನಂಬರ್ ಬದಲಿಸಿದರೆ ನಿಮ್ಮ ಮನೆಯ ಬೀಗದಕೈ ಅವನ ಜೇಬಿನಲ್ಲೇ ಹೋದ ಹಾಗೆ.

ಕೊಂಡ ಮೇಲೆ ಪರೀಕ್ಷೆ ಮಾಡುವುದು ಬೆಂಗಳೂರಿನ ನಿಮ್ಮ ಫೈಬರ್ ಲೈನಿನಲ್ಲಿ ಅಲ್ಲ. ಊರಿನಲ್ಲಿರುವ ಅಕ್ಕನಿಗೋ ಅಣ್ಣನ ಮಗಳಿಗೋ ಲಿಂಕ್ ಕಳಿಸಿ, ಸಂಜೆ ಏಳರ ಮೇಲೆ ಮೊಬೈಲಿನಲ್ಲಿ ಇಳಿಸಲು ಹೇಳಿ. ಅರ್ಧದಲ್ಲಿ ಡೇಟಾ ಆಫ್ ಮಾಡಿ ಮತ್ತೆ ಆನ್ ಮಾಡಲಿ. ಮೊದಲಿಂದ ಶುರುವಾದರೆ ಆ ಜಾಗ ಬೇಡ. ಹಲವು ಕಂಪನಿಗಳು 30 ದಿನದೊಳಗೆ ಹಣ ವಾಪಸ್ ಕೊಡುತ್ತವೆ, ಈ ಪರೀಕ್ಷೆಯನ್ನು ಮೊದಲ ವಾರದಲ್ಲೇ ಮುಗಿಸಿ.

ಹಳೆಯ ಜಾಗದಿಂದ ಹೊಸದಕ್ಕೆ ಹೋಗುವವರು ಡಿಸೆಂಬರ್‌ನಲ್ಲೇ ಹೋಗಿ. ಡೊಮೈನ್ ವಿಳಾಸ ಬದಲಾದದ್ದು ಎಲ್ಲ ಕಡೆ ಗೊತ್ತಾಗಲು 48 ಗಂಟೆಯವರೆಗೂ ಹಿಡಿಯಬಹುದು, ಹಳೆಯ ಲಿಂಕುಗಳು ವಾಟ್ಸಾಪ್ ಗುಂಪುಗಳಲ್ಲಿ ಇನ್ನೂ ಓಡಾಡುತ್ತಿರುತ್ತವೆ. ಹಳೆಯ ಹೋಸ್ಟಿಂಗನ್ನು ಒಂದು ತಿಂಗಳು ಹಾಗೇ ಇಟ್ಟುಕೊಂಡು, ಅಲ್ಲಿಂದ ಹೊಸ ಕಡೆಗೆ ದಾರಿ ತೋರಿಸುವ ರಿಡೈರೆಕ್ಟ್ ಹಾಕಿಸಿ. ನಾದಿನಿ ಸಂಕ್ರಾಂತಿಯ ಹೊತ್ತಿಗೆ ಈ ಕೆಲಸವೆಲ್ಲ ಮುಗಿಸಿದ್ದಳು, ಎಳ್ಳು ಬೀರಲು ಬಂದ ಮಕ್ಕಳ ಕೈಯಲ್ಲೇ ಹೊಸ ಲಿಂಕ್ ಬರೆದ ಚೀಟಿ ಕೊಟ್ಟು ಕಳಿಸಿದಳಂತೆ.