ಸತ್ತ ಮೈ ಕೊಡುವ ಸಾಕ್ಷಿ

ಎಂಥ ಸೋಜಿಗ ನೋಡಿ! ಹೊಳೆ, ಕೆರೆ, ಬಾವಿಗಳ ನೀರಲ್ಲಿ ಸಾಮಾನ್ಯವಾಗಿ ಡಯಾಟಮ್ ಎಂಬ ಪಾಚಿ ಇರುತ್ತದೆ. ಬರಿಗಣ್ಣಿಗೆ ಕಾಣದು. ಅದರ ಕವಚ ಸಿಲಿಕಾದ್ದು, ಅಂದರೆ ಗಾಜಿನ ಮೂಲವಸ್ತುವಿನದು. ಜೀವವಿರುವ ಪ್ರಾಣಿ ಮುಳುಗಿ ಉಸಿರಿಗಾಗಿ ಒದ್ದಾಡುವಾಗ ನೀರಿನೊಂದಿಗೆ ಈ ಪಾಚಿಯೂ ಶ್ವಾಸಕೋಶಕ್ಕೆ ನುಗ್ಗುತ್ತದೆ, ಅಲ್ಲಿಂದ ರಕ್ತಕ್ಕಿಳಿಯುತ್ತದೆ, ಇನ್ನೂ ಬಡಿಯುತ್ತಿರುವ ಹೃದಯ ಅದನ್ನು ತೊಡೆಮೂಳೆಯ ಮಜ್ಜೆಯವರೆಗೂ ತಳ್ಳಿಬಿಡುತ್ತದೆ! ಕೊಂದು ನೀರಿಗೆಸೆದ ಮೈಯಲ್ಲಿ ಹೃದಯ ನಿಂತಿರುತ್ತದೆ. ಮಜ್ಜೆಗೆ ಒಯ್ಯುವವರು ಯಾರು? ಮುಳುಗಿ ಸತ್ತ ಪ್ರಾಣಿಯ ಮಜ್ಜೆಯನ್ನು ನೈಟ್ರಿಕ್ ಆಮ್ಲದಲ್ಲಿ ಬೇಯಿಸಿದರೆ ಮಾಂಸವೆಲ್ಲ ಕರಗಿಹೋಗುತ್ತದೆ, ಡಯಾಟಮ್ಮಿನ ಕವಚ ಮಾತ್ರ ಉಳಿಯುತ್ತದೆ. ಇದೊಂದನ್ನೇ ನಂಬಿ ತೀರ್ಮಾನಕ್ಕೆ ಬರುವಂತಿಲ್ಲ, ನಿಜ. ಶ್ವಾಸನಾಳದ ನೊರೆ, ನೀರುಂಡು ಭಾರವಾದ ಶ್ವಾಸಕೋಶ ಎಲ್ಲ ಕೂಡಿ ಬರಬೇಕು. ಆದರೂ, ಸತ್ತ ಜೀವದ ಎಲುಬಿನೊಳಗೆ ಅದರ ಕೊನೆಯ ಗಳಿಗೆ ಬರೆದಿಟ್ಟಿರುತ್ತದೆ ಎಂದರೆ ಮೈ ಜುಮ್ಮೆನ್ನದೆ?

ಕೇರಳದ ಎರಡು ಸಾವುಗಳನ್ನು ನೋಡಿ. 2023ರ ಏಪ್ರಿಲ್‌ನಲ್ಲಿ ತಿರುವನಂತಪುರ ಜಿಲ್ಲೆಯ ವೆಳ್ಳನಾಡಿನಲ್ಲಿ ಕರಡಿಯೊಂದು ಬಾವಿಗೆ ಬಿತ್ತು. ಅರಿವಳಿಕೆ ಮದ್ದು ಹೊಡೆದು, ಬಲೆ ಇಳಿಸಿ ಎತ್ತುವ ಹೊತ್ತಿಗೆ ಕರಡಿ ನೀರಿಗೆ ಜಾರಿತು. ಮೇಲೆ ಬಂದದ್ದು ಹೆಣ. ಕೊಂದದ್ದು ಬಿದ್ದ ಪೆಟ್ಟೋ, ಮದ್ದೋ, ನೀರೋ? ಪೋಸ್ಟ್‌ಮಾರ್ಟಂ ಉತ್ತರ ಕೊಟ್ಟಿತು: ನೀರು. ಮಂಪರಿನಲ್ಲಿದ್ದ ಕರಡಿ ಮುಳುಗಿ ಸತ್ತಿತ್ತು.

ಇನ್ನೊಂದು ಇಡೀ ದೇಶವೇ ಕಣ್ಣೀರಿಟ್ಟ ಸಾವು. 2020ರ ಮೇ 27ರಂದು ಪಾಲಕ್ಕಾಡ್ ಜಿಲ್ಲೆಯ ವೆಳ್ಳಿಯಾರ್ ಹೊಳೆಯಲ್ಲೇ ಪ್ರಾಣಬಿಟ್ಟ ಹೆಣ್ಣಾನೆ. ಮೇಲೆತ್ತಲು ಸಾಕಾನೆಗಳನ್ನು ಕರೆತಂದರೂ ಅದು ಕದಲಲಿಲ್ಲ. ಸಿಡಿಮದ್ದು ಕೊಂದಿತು ಎಂದು ನಾವೆಲ್ಲ ಒಂದೇ ಉಸಿರಿಗೆ ಹೇಳಿದೆವು. ಆನೆಯ ಮೈ ಹೇಳಿದ್ದು ಅದಕ್ಕಿಂತ ದೀರ್ಘವಾದ, ಅದಕ್ಕಿಂತ ಘೋರವಾದ ಕತೆ. ಬಾಯಲ್ಲಿ ಸ್ಫೋಟದ ಗಾಯ, ಗಾಯ ಕೊಳೆತು ಕೀವು, ನೋವಿಗೆ ಸುಮಾರು ಎರಡು ವಾರ ಮೇವೂ ಇಲ್ಲ ನೀರೂ ಇಲ್ಲ, ಕಡೆಗೆ ನಿತ್ರಾಣವಾಗಿ ನೀರಲ್ಲಿ ಕುಸಿತ, ಶ್ವಾಸಕೋಶಕ್ಕೆ ನೀರು. ಈಜಿನಲ್ಲಿ ನಿಪುಣ ಪ್ರಾಣಿಯಾದ ಆನೆ ನೀರುಸಿರಾಡಿ ಸತ್ತಿತ್ತು! ಅದು ಗರ್ಭಿಣಿ ಎಂಬುದು ತಿಳಿದದ್ದೂ ಹೊಟ್ಟೆ ಬಿಡಿಸಿದಾಗಲೇ. ಒಂದು ಮೈಯೊಳಗೆ ಎರಡು ವಾರದ ದಿನಚರಿ!

ಇಂಥ ಸಾಕ್ಷಿಗೆ ಕಿವಿಗೊಡುವ ನ್ಯಾಯಾಲಯವೂ ಬೇಕಲ್ಲ. ಅದು ಕೊಚ್ಚಿಯಲ್ಲಿದೆ. 2021ರಲ್ಲಿ ತಿರುವನಂತಪುರದ ಅಡಿಮಲತ್ತುರ ಕಡಲತೀರದಲ್ಲಿ ಬ್ರೂನೋ ಎಂಬ ಸಾಕುನಾಯಿಯನ್ನು ಹೊಡೆದು ಕೊಂದಾಗ ಕೇರಳ ಹೈಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡು, ಆ ಪ್ರಕರಣಕ್ಕೆ ನಾಯಿಯ ಹೆಸರನ್ನೇ ಇಟ್ಟಿತು. ಅದೇ ವರ್ಷದ ಜುಲೈಯಲ್ಲಿ ಕೊಚ್ಚಿಯ ಪಕ್ಕದ ತೃಕ್ಕಾಕ್ಕರದಲ್ಲಿ ಬೀದಿನಾಯಿಗಳನ್ನು ಕೊಂದು ಹೂತ ಸುದ್ದಿ ಬಂತು. ಹೂತ ಹೆಣಗಳನ್ನು ಅಗೆದು ತೆಗೆದು ಪೋಸ್ಟ್‌ಮಾರ್ಟಂ ಮಾಡಿದರು. ನಾಯಿಗೂ ಇಂಥ ತನಿಖೆ! ಆಗಬೇಕಾದ್ದೇ.

ವಿಷದ ಶಂಕೆಯಿದ್ದರೆ ಹೊಟ್ಟೆಯಲ್ಲಿದ್ದುದನ್ನೂ ಯಕೃತ್ತು, ಮೂತ್ರಪಿಂಡದ ತುಂಡುಗಳನ್ನೂ ಗಟ್ಟಿ ಉಪ್ಪುನೀರಿನಲ್ಲಿ ಇಡುತ್ತಾರೆ. ಫಾರ್ಮಲಿನ್ ತಾಗಿಸುವಂತಿಲ್ಲ, ತಾಗಿದರೆ ವಿಷದ ಗುರುತೇ ಕೆಡಬಹುದು. ನಮ್ಮ ಅಡುಗೆಮನೆಯ ಉಪ್ಪು ಕೊಲೆಗಾರನನ್ನು ಹಿಡಿಯುವ ಅಸ್ತ್ರ!

ದಂತದ ವಿಷಯಕ್ಕೆ ಬಂದರೆ ಬೆರಗು ಇಮ್ಮಡಿ. ಆನೆದಂತವನ್ನು ಅಡ್ಡಕ್ಕೆ ಕೊಯ್ದರೆ ಒಂದನ್ನೊಂದು ಕತ್ತರಿಸುವ ಸಣ್ಣ ಗೆರೆಗಳು ಕಾಣುತ್ತವೆ. ಹೊರ ಅಂಚಿನ ಬಳಿ ಆ ಗೆರೆಗಳ ಕೋನ 115 ಡಿಗ್ರಿಗಿಂತ ಹೆಚ್ಚಿದ್ದರೆ ಈಗಿನ ಆನೆ, 90ಕ್ಕಿಂತ ಕಡಿಮೆಯಿದ್ದರೆ ಎಂದೋ ಅಳಿದುಹೋದ ಮ್ಯಾಮತ್! ಬೇಟೆದಂತವನ್ನು ಮ್ಯಾಮತ್ ದಂತವೆಂದು ಮಾರುವವರ ಸುಳ್ಳಿಗೆ ಕೋನಮಾಪಕವೇ ಸಾಕ್ಷಿ. 2015ರಲ್ಲಿ ಎರ್ನಾಕುಲಂ ಜಿಲ್ಲೆಯ ಇಡಮಲಯಾರ್ ಕಾಡಿನ ಆನೆಬೇಟೆ ಬಯಲಾದಾಗ ದಂತದ ಜಾಡು ದೆಹಲಿಯವರೆಗೂ ಹೋಯಿತು. ಇನ್ನು ಬೇಯಿಸಿದ ಮಾಂಸದ ತುಂಡೊಂದೇ ಸಿಕ್ಕರೆ? ಒಂದೊಂದು ಜೀವಕೋಶದಲ್ಲೂ ಮೈಟೊಕಾಂಡ್ರಿಯಾದ ಡಿಎನ್ಎ ನೂರಾರು ಪ್ರತಿಗಳಲ್ಲಿರುವುದರಿಂದ, ಬೆಂಕಿಗೆ ಬಿದ್ದ ಮೇಲೂ ಒಂದಿಷ್ಟು ಉಳಿದಿರುತ್ತದೆ. ಇಂಥ ತುಣುಕುಗಳಿಂದ ಪ್ರಾಣಿ ಯಾವುದೆಂದು ಗುರುತಿಸಬಲ್ಲ ಡಿಎನ್ಎ ಪ್ರಯೋಗಾಲಯ ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿದೆ.

ಇದು ಗಡಿಯಾಚೆಯ ಮಾತೇನಲ್ಲ. 2025ರ ಜೂನ್‌ನಲ್ಲಿ ನಮ್ಮ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಪಕ್ಕದಲ್ಲೇ ವಿಷ ಹಾಕಿದ ಹಸುವಿನ ಕಳೇಬರವೂ ಸಿಕ್ಕಿದ್ದರಿಂದ ತನಿಖೆಗೆ ದಾರಿ ತೆರೆಯಿತು. ಆ ಕಳೇಬರವನ್ನು ಯಾರಾದರೂ ಎಳೆದು ಹೂತಿದ್ದರೆ?

ಆದ್ದರಿಂದ ಕಾಡಂಚಿನಲ್ಲಿ, ತೋಟದಲ್ಲಿ ವನ್ಯಪ್ರಾಣಿಯ ಹೆಣ ಕಂಡರೆ ಮುಟ್ಟಬೇಡಿ, ಹೂಳಬೇಡಿ, ಸುತ್ತಲಿನ ಮಣ್ಣು ತುಳಿಯಬೇಡಿ. ಕರ್ನಾಟಕ ಅರಣ್ಯ ಇಲಾಖೆಯ 1926ಕ್ಕೆ ಕೂಡಲೇ ಕರೆ ಮಾಡಿ.